ನಮ್ಮ ನೀರನ್ನು ಕೆಡಿಸಲು ಬಂದವನು

ನಮ್ಮ ಮನೆಯ ಕರೆಗಂಟೆಯನ್ನು ನೆಂಟರು ಒತ್ತುವುದಿಲ್ಲ. ಅವರು ಗೇಟಿನ ಚಿಲಕ ಅಲ್ಲಾಡಿಸಿ, ರಸ್ತೆಯಿಂದಲೇ ಒಂದು ಕೂಗು ಹಾಕಿ, ಉತ್ತರಕ್ಕೂ ಕಾಯದೆ ಒಳಗೆ ಬಂದುಬಿಡುತ್ತಾರೆ. ಹಾಲಿನವನು ಕಾಂಪೌಂಡಿನ ಮೇಲೆ ಪ್ಯಾಕೆಟ್ಟು ಇಟ್ಟು ಹೋಗುತ್ತಾನೆ. ಸೊಪ್ಪಿನವಳ ಗಂಟಲು ಬೀದಿಯ ತುದಿಯಲ್ಲಿರುವಾಗಲೇ ಕೇಳಿಸುತ್ತದೆ, ಬೇಕಾದವರು ನಾವೇ ಓಡಿಹೋಗಿ ಕೊಳ್ಳುತ್ತೇವೆ. ಗಂಟೆ ಒತ್ತುವವರು ನಮಗೆ ಬೇಡದ್ದನ್ನು ಮಾರಲು ಬಂದವರು ಮಾತ್ರ. ಅದೂ ಒಮ್ಮೆ ಒತ್ತಿ ಮರ್ಯಾದೆಯಾಗಿ ನಿಲ್ಲುವವರಲ್ಲ. ಒಳಗೆ ಬೆಂಕಿ ಬಿದ್ದಿದೆಯೇನೋ ಎನ್ನುವ ಹಾಗೆ ಬೆರಳನ್ನು ಅಲ್ಲೇ ಅದುಮಿ ಹಿಡಿಯುವವರು.

ಮಧುಗಿರಿಯ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಕಟ್ಟಿಕೊಂಡೆವೆಂದು ನಾವು ಬೀಗಿದ್ದೆವು. ಅಷ್ಟು ಹತ್ತಿರವಿದ್ದರೆ ಬಸ್ಸಿಳಿದ ಪ್ರತಿಯೊಬ್ಬ ಟೈ ಕಟ್ಟಿದವನಿಗೂ ಹತ್ತಿರವೇ ಎಂಬುದು ಆಮೇಲೆ ಗೊತ್ತಾಯಿತು. ಒಬ್ಬ ಗ್ಯಾಸ್ ಒಲೆಯನ್ನು ತಪಾಸಣೆ ಮಾಡುವುದು ಸರ್ಕಾರದ ಕಡ್ಡಾಯ ಆದೇಶ ಎನ್ನುತ್ತಾ ನೇರ ಅಡುಗೆಮನೆಗೆ ನುಗ್ಗುತ್ತಿದ್ದ. ಇನ್ನೊಬ್ಬಳು ಬಾಗಿಲಲ್ಲೇ ನನ್ನ ಮುಖ ನೋಡಿ, ಕೆನ್ನೆಯ ಮೇಲಿನ ಕಪ್ಪು ಕಲೆಯ ಬಗ್ಗೆ ನನಗಿಂತ ಹೆಚ್ಚು ದುಃಖಪಟ್ಟು, ಕ್ರೀಮಿನ ಡಬ್ಬಿ ತೆಗೆಯುತ್ತಿದ್ದಳು. ಬೇಸತ್ತು ನಾನು ಗೇಟಿಗೆ ‘ಮಾರಾಟಗಾರರು ಗಂಟೆ ಒತ್ತಬಾರದು’ ಎಂದು ರಟ್ಟಿನ ಮೇಲೆ ಬರೆದು ಕಟ್ಟಿದೆ. ಆ ವಾರವೇ ಗಂಟೆ ಬಾರಿಸಿತು. ಹೊರಗೆ ನಿಂತಿದ್ದವನು ನನ್ನ ಬರಹವನ್ನು ಬೆರಳಿಟ್ಟು ತೋರಿಸಿ, “ಇದು ಮಳೆ ಬಂದ್ರೆ ಅಳ್ಸೋಗುತ್ತೆ ಮೇಡಮ್. ಇದನ್ನೇ ಸ್ಟೀಲಲ್ಲಿ ಕೆತ್ತಿಸಿ ಕೊಡ್ತೀನಿ” ಎಂದ. ಅವನು ಬೋರ್ಡು ಮಾರುವವನು. ರಟ್ಟನ್ನು ಬಿಚ್ಚಿ ಬಚ್ಚಲ ಒಲೆಗೆ ಹಾಕಿದೆ.

ನಾನು ಕೊರಟಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಮನೆ. ನನ್ನ ಗಂಡನಿಗೆ ಶಿರಾದಲ್ಲಿ ಕೆಲಸ. ಹಗಲು ಹೊತ್ತು ಬಾಗಿಲು ತೆಗೆಯುವ ಹೊಣೆಯೆಲ್ಲ ಅತ್ತೆಯದು. ಅತ್ತೆ ಪಾವಗಡದ ಆಚೆಯ ಹಳ್ಳಿಯವರು, ಆಂಧ್ರದ ಗಡಿಗೆ ಹತ್ತಿರ. ನಮ್ಮ ಜೊತೆ ಕನ್ನಡ ಮಾತಾಡಿದರೂ ದೇವರನ್ನು ಕರೆಯುವುದು, ಬೈಯುವುದು, ಗುರುತಿಲ್ಲದ ಗಂಡಸರನ್ನು ಅಕ್ಕರೆಯಿಂದ ಮಾತಾಡಿಸುವುದು ಎಲ್ಲ ತೆಲುಗಿನಲ್ಲಿ. ಅವರಿಗೆ ಮುಚ್ಚಿದ ಬಾಗಿಲು ಕಂಡರೇ ಆಗುವುದಿಲ್ಲ. ಗಂಟೆ ಬಾರಿಸಿದರೆ ಸಾಕು, “ರಾ ನಾಯನಾ, ಬಿಸ್ಲಲ್ಲಿ ಯಾಕ್ ನಿಂತ್ಕಂಡೆ” ಎಂದು ಒಳಗೆ ಕರೆದು ಕುರ್ಚಿ ಎಳೆದು ಹಾಕುತ್ತಾರೆ. ಏನೂ ಕೊಳ್ಳುವುದಿಲ್ಲ, ಅದು ಬೇರೆ ಮಾತು. ಆದರೆ ಅವನ ಊರು, ಅವನ ಹೆಂಡತಿಯ ಊರು, ಮಕ್ಕಳು ಏನು ಓದುತ್ತಿವೆ ಎಂಬುದೆಲ್ಲ ತಿಳಿಯುವವರೆಗೆ ಬಿಡುವುದೂ ಇಲ್ಲ. ನಾನು ಎಷ್ಟು ಸಲ ಗದರಿದರೂ ಅದೇ ಉತ್ತರ.

“ನಮ್ಮೂರಾಗೆ ಮನೆ ಮುಂದೆ ಬಂದೋನ್ನ ನಿಲ್ಸಿ ಮಾತಾಡ್ಸಾಕಿಲ್ಲ ಕಣಮ್ಮ.”

“ನಿಮ್ಮೂರಿಗೆ ಇಂಥೋರು ಬರ್ತಿರ್ಲಿಲ್ಲ ಅತ್ತೆ.”

“ಬರ್ತಿರ್ಲಿಲ್ಲ. ಅದ್ಕೇ ನಂಗೆ ಈಗ್ಲೂ ಆಸೆ.”

ಬೇಸಿಗೆ ಆಗತಾನೆ ಕಾವೇರುತ್ತಿದ್ದ ದಿನಗಳು. ಒಂದು ಸಂಜೆ ಬಸ್ಸಿಳಿದು ಬಂದಾಗ ಅತ್ತೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಎದುರು ಮನೆಯಾಕೆ. ಇಬ್ಬರ ಮುಖವೂ ಆಸ್ಪತ್ರೆಯಿಂದ ಆಗಷ್ಟೇ ಬಂದವರ ಹಾಗಿತ್ತು. ಯಾರಿಗೆ ಏನಾಯಿತೋ ಎಂದು ಗೇಟು ಹಾಕುವುದನ್ನೂ ಬಿಟ್ಟು ಬಂದೆ. ಚಪ್ಪಲಿ ಬಿಡುವ ಮೊದಲೇ ಅತ್ತೆ ಶುರುಮಾಡಿದರು.

“ನಾವ್ ಇಷ್ಟ್ ದಿನ ಚರಂಡಿ ನೀರು ಕುಡ್ಕಂಡ್ ಬಂದಿದೀವಿ ಕಣಮ್ಮ. ನನ್ ಮಂಡಿ ಯಾಕ್ ಹಿಡ್ಕಂಡೈತೆ ಅಂತ ಇವತ್ ತಿಳೀತು. ಒಳಗೆಲ್ಲ ಗಲೀಜು ಕೂತದಂತೆ.”

“ಯಾರು ಹೇಳಿದ್ದು?”

“ಹೇಳೋದಲ್ಲ ಟೀಚರ್, ಕಣ್ಣಿಗೇ ತೋರ್ಸ್ಬುಟ್ಟ” ಎಂದು ಎದುರು ಮನೆಯಾಕೆ ಬಾಯಿ ಹಾಕಿದರು. ಅವರ ಗಂಡ ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಗುತ್ತಿಗೆದಾರರು, ಆದ್ದರಿಂದ ನಮ್ಮ ಬೀದಿಯಲ್ಲಿ ಯಾವ ಸುದ್ದಿಯೂ ಆಕೆಯ ಒಪ್ಪಿಗೆ ಬೀಳದೆ ನಿಜವಾಗುವುದಿಲ್ಲ. “ನಮ್ ನಲ್ಲಿ ನೀರು, ನೋಡ್ತಾ ನೋಡ್ತಾ ಹಂಗೇ ಕೊಚ್ಚೆ ಆಗೋಯ್ತು. ನಂಗೆ ವಾಕರಿಕೆ ಬಂದ್ಬುಡ್ತು.”

ಕೇಳುತ್ತಾ ಹೋದ ಹಾಗೆ ನನಗೆ ಎಲ್ಲ ತಿಳಿಯಿತು. ನೀರು ಶುದ್ಧ ಮಾಡುವ ಮಿಷನ್ ಮಾರುವವನು ಬಂದಿದ್ದ. ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ತನ್ನ ಚೀಲದಲ್ಲಿದ್ದ ಬಾಟಲಿಯ ನೀರು. ಲೋಹದ ಕಡ್ಡಿಗಳು ಇಳಿಬಿದ್ದ ಒಂದು ಸಣ್ಣ ಪೆಟ್ಟಿಗೆಯನ್ನು ಎರಡೂ ಲೋಟಗಳ ಮೇಲೆ ಕೂರಿಸಿ ಸ್ವಿಚ್ಚು ಹಾಕಿದ. ಅವನ ನೀರು ತಿಳಿಯಾಗೇ ಇತ್ತು. ನಮ್ಮ ನೀರು ಮೊದಲು ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಕೊನೆಗೆ ಮೇಲೆ ನೊರೆಯ ಕೆನೆ ಕಟ್ಟಿತು. “ಅಜ್ಜಿ, ಇದೇ ದಿನಾ ನಿಮ್ಮ ಹೊಟ್ಟೆಗೆ ಹೋಗ್ತಿರೋದು” ಎಂದನಂತೆ. ಬೀದಿಯ ಅರ್ಧ ಹೆಂಗಸರು ಬಂದು ನೋಡಿ ಹೋಗಿದ್ದರಂತೆ. ಭಾನುವಾರ ಮಿಷನ್ ತಂದು ತೋರಿಸುತ್ತೇನೆ, ನಿಮ್ಮ ಮನೆಯಲ್ಲೇ ಎಲ್ಲರೂ ಸೇರಿ ಎಂದು ಅವನು ಹೇಳಿದ್ದ. ಅತ್ತೆ ಹೂಂ ಎಂದಿದ್ದರು.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಹತ್ತಿತು. ಅವನ ಮೇಲೆ ಅಷ್ಟಲ್ಲ, ಇವರ ಮೇಲೆ. ನಲ್ಲಿಯಲ್ಲಿ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಅದನ್ನು ನಮ್ಮ ಬೀದಿಯಲ್ಲಿ ಯಾರೂ ಕುಡಿಯುವುದೇ ಇಲ್ಲ. ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ ಅದು. ಕುಡಿಯುವುದಕ್ಕೆ ಎಲ್ಲರೂ ಮೂಲೆಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತೇವೆ. ಎದುರು ಮನೆಯ ಯಜಮಾನರು ಬೆಳಿಗ್ಗೆ ಸ್ಕೂಟರಿನ ಮುಂದೆ ಆ ಕ್ಯಾನು ಇಟ್ಟುಕೊಂಡು ಬರುವುದನ್ನು ನಾನು ದಿನಾ ನೋಡುತ್ತೇನೆ.

“ಕುಡಿಯೋದು ಕ್ಯಾನ್ ನೀರಲ್ವೇನ್ರಿ? ಅವ್ನು ನಲ್ಲಿ ನೀರು ಹಿಡ್ದಾಗ ಯಾರಾದ್ರೂ ಒಬ್ರು ಹೇಳ್ಬಾರ್ದಿತ್ತಾ?”

ಎದುರು ಮನೆಯಾಕೆ ಬಹಳ ಗಂಭೀರವಾಗಿ ಹೇಳಿದರು, “ಕುಡೀಲಿ ಬಿಡ್ಲಿ, ನೀರು ಕೆಟ್ಟಿರೋದಂತೂ ದಿಟ ಅಲ್ವಾ ಟೀಚರ್?”

ಆ ಸಂಜೆ ಅತ್ತೆಯನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಪಾಠ ಮಾಡಿದೆ. ನೀರಿನಲ್ಲಿ ಉಪ್ಪಿನಂಶ ಇದ್ದರೆ ಕರೆಂಟು ಹರಿಯುತ್ತದೆ, ಹರಿದರೆ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುತ್ತದೆ, ಲೋಟದಲ್ಲಿ ಕಂಡದ್ದು ಕಡ್ಡಿಯ ತುಕ್ಕು, ನೀರಿನ ಕೊಳೆಯಲ್ಲ. ಅವನ ಬಾಟಲಿಯ ನೀರಿನಲ್ಲಿ ಉಪ್ಪೇ ಇಲ್ಲ, ಅದಕ್ಕೆ ಏನೂ ಆಗಲಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಹೇಳಿದರೆ ಕೊನೆಯ ಬೆಂಚಿನವರಿಗೂ ಅರ್ಥವಾಗುತ್ತದೆ. ಅತ್ತೆ ತಲೆ ಅಲ್ಲಾಡಿಸುತ್ತಾ ಎಲ್ಲ ಕೇಳಿಸಿಕೊಂಡರು. ಊಟಕ್ಕೆ ಕೂತಾಗ ನೀರಿನ ಲೋಟವನ್ನು ಮಾತ್ರ ಪಕ್ಕಕ್ಕೆ ಸರಿಸಿ ಮಜ್ಜಿಗೆ ಕೇಳಿದರು.

“ಮಜ್ಜಿಗೆಗೂ ಅದೇ ನೀರು ಹಾಕಿರೋದು” ಎಂದೆ.

“ಅದು ಕಾಣ್ಸಾಕಿಲ್ವಲ್ಲ” ಎಂದು ಕುಡಿದರು.

ಗಂಡ ತಟ್ಟೆಯೊಳಗೇ ನಕ್ಕರು. ಭಾನುವಾರ ತಮಗೆ ಶಿರಾದಲ್ಲಿ ತುರ್ತು ಕೆಲಸವಿದೆ ಎಂದೂ ಆಗಲೇ ತಿಳಿಸಿದರು.

ಭಾನುವಾರ ಅವನು ಬಂದ. ಚಿಕ್ಕ ಹುಡುಗನಿರಬೇಕೆಂದು ನಾನು ಊಹಿಸಿದ್ದೆ. ನಲವತ್ತು ದಾಟಿದ ಗಂಡಸು, ಕೂದಲಿಗೆ ಹಚ್ಚಿದ ಬಣ್ಣ ಹಣೆಗೂ ಸ್ವಲ್ಪ ಇಳಿದಿತ್ತು. ಆ ಬಿಸಿಲಲ್ಲೂ ಕುತ್ತಿಗೆ ಬಿಗಿಯುವಂತೆ ಟೈ. ಆಟೋದಿಂದ ಮಿಷನ್ನಿನ ಪೆಟ್ಟಿಗೆ ಇಳಿಸಿ ನಮ್ಮ ಪಡಸಾಲೆಯ ನಡುವೆ, ಮದುಮಗಳನ್ನು ಕೂರಿಸುವ ಹಾಗೆ, ಟೀಪಾಯಿಯ ಮೇಲೆ ಕೂರಿಸಿದ. ಎದುರು ಮನೆಯಾಕೆಯನ್ನು ಮುಂದಿಟ್ಟುಕೊಂಡು ಬೀದಿಯ ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿದ್ದರು. ನನ್ನ ಮನೆ, ನನ್ನ ಚಾಪೆ, ನನ್ನ ಕರೆಂಟು. ಅವನಿಗೆ ಬಾಡಿಗೆ ಖರ್ಚೂ ಇಲ್ಲ.

ಅವನ ಭಾಷಣದ ಪೂರ್ತಿ ವಿವರ ಬೇಡ. ಕಿಡ್ನಿ ಎಂಬ ಪದ ಅದರಲ್ಲಿ ಅಷ್ಟು ಸಲ ಬಂತೆಂದರೆ, ಹಿಂದೆ ಕೂತಿದ್ದ ಒಬ್ಬಾಕೆ ಸೊಂಟ ಒತ್ತಿಕೊಳ್ಳತೊಡಗಿದರು. ನಲ್ಲಿ ನೀರನ್ನು ಮತ್ತೆ ಕಂದು ಮಾಡಿ ತೋರಿಸಿದ. ಎಲ್ಲರೂ ಎರಡನೆಯ ಸಲವೂ ಮೊದಲಿನಷ್ಟೇ ಬೆಚ್ಚಿದರು. ಆಗ ನಾನು ಎದ್ದೆ.

“ನಿಮ್ಮ ಬಾಟಲಿ ನೀರಿಗೆ ನಾನೊಂದು ಚಿಟಿಕೆ ಉಪ್ಪು ಹಾಕ್ತೀನಿ. ಆಮೇಲೆ ಅದೇ ಕಡ್ಡಿ ಇಡಿ.”

ಅವನು ಒಂದು ಕ್ಷಣ ನನ್ನನ್ನು ನೋಡಿದ. ನಾನು ಯಾರೆಂದು ಅವನಿಗೆ ಗೊತ್ತಾಯಿತು. ಇಂಥ ಕೆಲಸದಲ್ಲಿರುವವರಿಗೆ ಊರಿಗೊಬ್ಬಳು ಇಂಥವಳು ಸಿಕ್ಕೇ ಸಿಗುತ್ತಿರಬೇಕು. “ಹಾಕಿ ಮೇಡಮ್, ಸಂತೋಷವಾಗಿ ಹಾಕಿ” ಎಂದ.

ಹಾಕಿದೆ. ಅವನು ಸ್ವಿಚ್ಚು ಒತ್ತಿದ. ಅವನ ಪರಿಶುದ್ಧ ನೀರು ನಮ್ಮ ನಲ್ಲಿ ನೀರಿಗಿಂತ ಬೇಗ ಕೆಂಪಾಗಿ, ಕೊಳಕಾಗಿ, ಉಕ್ಕಿ ಬಂತು. ನಾನು ಹೆಂಗಸರ ಕಡೆ ತಿರುಗಿದೆ. ಎರಡು ಶತಮಾನದ ವಿಜ್ಞಾನವೆಲ್ಲ ನನ್ನ ಬೆನ್ನ ಹಿಂದೆ ನಿಂತಿದೆಯೇನೋ ಎಂಬ ಧೈರ್ಯ. “ನೋಡಿದ್ರಾ? ಕೊಳೆ ಎಲ್ಲಿಂದ ಬಂತು?”

ಉತ್ತರ ಕೊಟ್ಟವನು ಅವನು. ದನಿಯಲ್ಲಿ ನನ್ನ ಮೇಲೆ ಮರುಕವೇ ಇತ್ತು.

“ಒಳ್ಳೆ ನೀರಿಗೆ ಉಪ್ಪು ಹಾಕಿದ್ರೆ ಕೆಡದೆ ಇನ್ನೇನಾಗುತ್ತೆ ಅಮ್ಮಾ? ಹಾಲಿಗೆ ಹುಳಿ ಹಿಂಡಿ, ಹಾಲು ಕೆಟ್ಟದ್ದು ಅಂತ ಹೇಳೋಕಾಗುತ್ತಾ?”

“ಹೌದಲ್ವಾ” ಎಂದರು ಎದುರು ಮನೆಯಾಕೆ. “ಟೀಚರ್ ಉಪ್ಪು ಹಾಕ್ಬಾರ್ದಿತ್ತು.”

“ಈಗಿನ್ ಉಪ್ಪು ಕೂಡ ಚೆನ್ನಾಗಿಲ್ಲ ಬುಡಿ” ಎಂದರು ಇನ್ನೊಬ್ಬರು.

ಚಾಪೆಯ ತುಂಬ ತಲೆಗಳು ಅಲ್ಲಾಡಿದವು. ಇಷ್ಟು ವರ್ಷ ಕಪ್ಪುಹಲಗೆಯ ಮುಂದೆ ನಿಂತ ನನಗೆ ಅಂಥ ದಡ್ಡ ತರಗತಿ ಸಿಕ್ಕಿರಲಿಲ್ಲ. ತುಕ್ಕು, ಕಡ್ಡಿ, ಕರೆಂಟು ಎಂದು ನಾನು ಹೇಳುತ್ತಲೇ ಇದ್ದೆ. ಅವರು ನನ್ನನ್ನು, ಮದುವೆ ಮನೆಯಲ್ಲಿ ಜಗಳ ತೆಗೆದ ನೆಂಟರ ಹೆಂಗಸನ್ನು ನೋಡುವ ಹಾಗೆ, ಯಾವಾಗ ಕೂರುತ್ತಾಳೋ ಎಂದು ನೋಡುತ್ತಿದ್ದರು. ಅವನು ಆಗಲೇ ಕಂತಿನ ವಿಷಯಕ್ಕೆ ಬಂದಿದ್ದ.

ಅಷ್ಟರಲ್ಲಿ ಅತ್ತೆ ಎದ್ದು ದೇವರ ಮನೆಗೆ ಹೋದರು. ಬಂದಾಗ ಕೈಯಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಸಿದ್ದರಬೆಟ್ಟದ ತೀರ್ಥ. ವರ್ಷಕ್ಕೊಮ್ಮೆ ಯಾರಾದರೂ ಬೆಟ್ಟ ಹತ್ತಿ, ಅಲ್ಲಿನ ಬಂಡೆಯ ಸಂದಿಯಲ್ಲಿ ಒಸರುವ ನೀರನ್ನು ಅವರಿಗೆ ತಂದುಕೊಡಬೇಕು. ಜ್ವರ ಬಂದರೆ, ಕೆಟ್ಟ ಕನಸು ಬಿದ್ದರೆ, ನನ್ನ ಗಂಡನಿಗೆ ವರ್ಗಾವಣೆಯ ಸುದ್ದಿ ಬಂದರೆ ಒಂದೊಂದು ಉದ್ಧರಣೆ ಅದೇ.

“ನಾಯನಾ, ಇದ್ನೊಂದ್ಸಲ ನೋಡ್ಬುಡು” ಎಂದರು. “ಇಷ್ಟ್ ದಿನ ಕುಡ್ದಿದೀನಿ, ಚೆನ್ನಾಗೈತೋ ಇಲ್ವೋ ತಿಳ್ಕಂಡ್ಬುಡ್ತೀನಿ.”

ಅವರು ಅವನನ್ನು ಸಿಕ್ಕಿಸಲು ಹೂಡಿದ ಉಪಾಯ ಅದೆಂದು ನಾನು ಈಗಲೂ ಹೇಳಲಾರೆ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಅವರ ಮುಖದಲ್ಲಿ ಭಯವಿತ್ತು.

ಅವನಿಗೆ ಅದು ಏನೆಂದು ಗೊತ್ತಿರಲಿಲ್ಲ. ಒಳ್ಳೆಯ ಗಿರಾಕಿ ಸಿಕ್ಕಳೆಂದು ಉತ್ಸಾಹದಿಂದ ಲೋಟಕ್ಕೆ ಸುರಿದು, ಕಡ್ಡಿ ಇಳಿಸಿ, ಸ್ವಿಚ್ಚು ಹಾಕಿದ. ಬಂಡೆಯ ಮೇಲೆ ಹರಿದು ಬಂದ ನೀರಿನಲ್ಲಿ ಬಂಡೆಯ ಅಂಶ ಇರದೆ ಏನಿರುತ್ತದೆ? ಮೆಲ್ಲಗೆ ಹಳದಿಯಾಯಿತು. ಆಮೇಲೆ ಕಂದು.

“ನೋಡಿ ಅಜ್ಜಿ, ಇದೂ ವಿಷವೇ! ಎಲ್ಲೀದು ಈ ನೀರು?”

ಎದುರು ಮನೆಯಾಕೆ ಎರಡೂ ಕೈಯಿಂದ ಗಲ್ಲ ಬಡಿದುಕೊಂಡು, “ಬುಡ್ತು ಅನ್ರೀ! ಸಿದ್ದರಬೆಟ್ಟದ್ ತೀರ್ಥ ಅದು” ಎಂದರು.

ಅವನ ಮುಖ ನೋಡಬೇಕಿತ್ತು. ಹಣೆಗೆ ಇಳಿದಿದ್ದ ಬಣ್ಣ ಬೆವರಿಗೆ ಹುಬ್ಬಿನವರೆಗೂ ಬಂತು. ಸ್ವಿಚ್ಚು ಆರಿಸಿದ. ಟೈ ಸರಿಮಾಡಿಕೊಂಡ.

“ತೀರ್ಥನಾ? ಅದು ಬೇರೆ ಅಜ್ಜಿ. ಇದ್ರಲ್ಲಿರೋದು ಗಲೀಜಲ್ಲ. ಬೆಟ್ಟದ ಗಿಡಮೂಲಿಕೆ. ಔಷಧಿ ಗುಣ. ಅದು ಹೊರಗೆ ಬಂದಿದೆ, ಅಷ್ಟೇ.”

ಅತ್ತೆ ಎರಡು ಲೋಟಗಳನ್ನೂ ಪಕ್ಕಪಕ್ಕ ಎಳೆದು, ಬಗ್ಗಿ ನೋಡಿದರು. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ತೀರ್ಥ. ಎರಡರ ಬಣ್ಣವೂ ಒಂದೇ.

“ಹಂಗಾರೆ ನಮ್ ನಲ್ಲಿ ನೀರಾಗೂ ಔಷಧಿನೇ ಇರಬೋದಲ್ಲ ನಾಯನಾ?”

ಮೊದಲು ನಕ್ಕವರು ಸೊಂಟ ಒತ್ತಿಕೊಳ್ಳುತ್ತಿದ್ದಾಕೆ. ಆಮೇಲೆ ಚಾಪೆಯೆಲ್ಲ ನಕ್ಕಿತು. ನಾನು ಒಂದು ಗಂಟೆ ಹೊತ್ತು ಬಾಯಿ ಬಡಿದುಕೊಂಡರೂ ಆಗದ್ದು ಆ ಒಂದು ಮಾತಿಗೆ ಆಯಿತು. ಸಂತೋಷಪಡಬೇಕಿತ್ತು, ಆದರೆ ನನಗೆ ಮೈ ಉರಿಯಿತು. ಸರಿಯಾದ ಕಾರಣಕ್ಕೆ ಒಬ್ಬರಾದರೂ ಅವನನ್ನು ನಂಬದಿದ್ದರೆ ಸಾಕಿತ್ತು. ತೀರ್ಥಕ್ಕೆ ಅವಮಾನವಾಯಿತೆಂದು ಎದ್ದರೇ ಹೊರತು ತುಕ್ಕಿನ ಬಗ್ಗೆ ಯಾರಿಗೂ ಏನೂ ತಿಳಿದಿರಲಿಲ್ಲ. ಒಬ್ಬಾಕೆಯಂತೂ ಹೊಸಿಲು ದಾಟುತ್ತಾ, “ನಲ್ಲಿ ನೀರ್ನೇ ಇನ್ಮೇಲೆ ಒಂದ್ ಲೋಟ ಕುಡಿಯೋದು ಒಳ್ಳೇದೇನೋ” ಎಂದರು.

ಅವನು ಪೆಟ್ಟಿಗೆ ಕಟ್ಟತೊಡಗಿದ. ಅವನು ಹೋದರೆ ಸಾಕೆಂದು ನಾನು ಬಾಗಿಲು ಹಿಡಿದು ನಿಂತಿದ್ದೆ. ಅತ್ತೆ ಎಲ್ಲಿ ಬಿಟ್ಟಾರು? ಒಳಗಿನಿಂದ ತಂಬಿಗೆಯ ತುಂಬ ನೀರು ತಂದು, “ಒಂದೇ ಸಮ ಮಾತಾಡಿದೀಯಾ, ಗಂಟ್ಲು ಒಣಗೈತೆ, ಕುಡಿ” ಎಂದು ಕೈಗೆ ಕೊಟ್ಟರು. ನಲ್ಲಿಯದೋ ಕ್ಯಾನಿನದೋ ಎಂದು ಅವನು ಕೇಳಲಿಲ್ಲ. ತಲೆ ಎತ್ತಿ, ಗಟಗಟನೆ, ಟೈ ಮೇಲೆ ಹನಿ ಸುರಿಸಿಕೊಂಡು, ತಂಬಿಗೆ ಬರಿದಾಗುವವರೆಗೆ ಕುಡಿದ. ಇನ್ನೊಂದು ತಂಬಿಗೆ ಕೇಳಿದ. ಅದನ್ನೂ ಕುಡಿದ. ಕೊಳೆ, ಕಿಡ್ನಿ, ವಿಷ ಯಾವುದೂ ಅವನಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. ಆ ಘಳಿಗೆಯಲ್ಲಿ ಅವನ ಬಗ್ಗೆ ನನಗಿದ್ದ ತಿರಸ್ಕಾರ ಇನ್ನೂ ಒಂದು ತೂಕ ಹೆಚ್ಚಾಯಿತು. ತಾನು ಹೇಳಿದ್ದನ್ನು ತಾನಾದರೂ ನಂಬುವ ಮೋಸಗಾರನನ್ನು ಕ್ಷಮಿಸಬಹುದು.

ಹೋಗುವಾಗ ಅತ್ತೆಗೆ ಕೈ ಮುಗಿದ. ನನ್ನ ಕಡೆ ನೋಡಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಸಂಜೆ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದಾಗ ಎದುರು ಮನೆಯ ಮುಂದೆ ಅದೇ ಆಟೋ ನಿಂತಿತ್ತು. ಅಡುಗೆಮನೆಯ ಗೋಡೆಗೆ ಡ್ರಿಲ್ ಕೊರೆಯುವ ಸದ್ದು ಬೀದಿಯಲ್ಲೆಲ್ಲ ಕೇಳುತ್ತಿತ್ತು. ಮಾರನೆಯ ದಿನ ಬಸ್ಸಿಗೆ ಹೋಗುವಾಗ ಆಕೆಯನ್ನು ಕೇಳಿಯೇಬಿಟ್ಟೆ.

“ತೀರ್ಥಕ್ಕೆ ವಿಷ ಅಂದ ಮನುಷ್ಯನ ಹತ್ರ ತಗೊಂಡ್ರಾ?”

“ಗೊತ್ತಿಲ್ದೆ ಅಂದ ಪಾಪ” ಎಂದರು ಆಕೆ, ಒಂದಿಷ್ಟೂ ಮುಜುಗರವಿಲ್ಲದೆ. “ನೀರು ಹೆಂಗಾದ್ರೂ ಇರ್ಲಿ ಟೀಚರ್, ನೀಲಿ ಲೈಟ್ ಹತ್ಕೊಂಡ್ರೆ ಅಡ್ಗೆಮನೆಗೇ ಒಂದ್ ಕಳೆ. ಬನ್ನಿ ಒಂದಿನ, ನೋಡೋರಂತೆ.”

ಹೋಗಿ ನೋಡಿದೆ. ಮಿಷನ್ನಿಗೆ ಕುಂಕುಮ ಇಟ್ಟು ಹೂ ಮುಡಿಸಿದ್ದರು. ಅದರ ಕೆಳಗೆ, ಮೊದಲಿನ ಜಾಗದಲ್ಲೇ, ಕ್ಯಾನೂ ಇತ್ತು. ಗಡಸು ನೀರಿಗೆ ಮಿಷನ್ ಬೇಗ ಹಾಳಾಗುತ್ತದೆಂದು ಅವನೇ ಹೇಳಿಹೋಗಿದ್ದನಂತೆ. ಆದ್ದರಿಂದ ಅವರು ಶುದ್ಧ ನೀರಿನ ಘಟಕದ ನೀರನ್ನು ತಂದು ಮಿಷನ್ನಿಗೆ ಸುರಿದು ಶುದ್ಧ ಮಾಡಿ ಕುಡಿಯುತ್ತಿದ್ದರು. ನಾನು ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದೆ. ಇನ್ನೇನು ಹೇಳಲಿ?

ನಮ್ಮ ಮನೆಯಲ್ಲಿ ಅತ್ತೆ ಮತ್ತೆ ಎಂದಿನಂತೆ ಕ್ಯಾನಿನ ನೀರು ಕುಡಿಯುತ್ತಿದ್ದಾರೆ. ತೀರ್ಥದ ಬಾಟಲಿಯಲ್ಲಿ ಉಳಿದದ್ದು ದೇವರ ಮನೆಗೆ ವಾಪಸು ಹೋಗಿದೆ. ಮಂಡಿ ನೋವು ಇದ್ದ ಹಾಗೇ ಇದೆ.

ಮೊನ್ನೆ ಒಂದು ಭಾನುವಾರ ಮತ್ತೆ ಗಂಟೆ ಬಾರಿಸಿತು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅತ್ತೆ ಬಾಗಿಲು ತೆಗೆದು, ಕುರ್ಚಿ ಹಾಕಿ, ಬಂದವನನ್ನು ಕೂರಿಸಿಯಾಗಿತ್ತು. ಅವನು ಎದುರು ಮನೆಯ ಮಿಷನ್ನಿನ ಫಿಲ್ಟರ್ ಬದಲಿಸಲು ಬಂದವನು. ಅವರ ಮನೆಗೆ ಬೀಗ ಹಾಕಿದೆ, ಬರುವವರೆಗೆ ಇಲ್ಲೇ ಕಾಯುತ್ತೇನೆಂದು ಕೂತಿದ್ದ. ಕೂತವನ ಕಣ್ಣು ಸುಮ್ಮನಿರಬೇಕಲ್ಲ. ಅಡುಗೆಮನೆಯ ಗೋಡೆಯ ಕಡೆ ಇಣುಕಿ ನೋಡುತ್ತಿದ್ದ.

“ನಿಮ್ಮನೇಲಿ ನೀರಿಗೆ ಯಾವ್ ಮಿಷನ್ ಇಟ್ಟಿದೀರಾ ಅಜ್ಜಿ?”

“ಮಿಷನ್ ಯಾಕ್ ನಾಯನಾ, ನನ್ ಸೊಸೆ ಇದಾಳಲ್ಲ” ಎಂದರು ಅತ್ತೆ. “ಅವ್ಳ್ ಪಾಠ ಮುಗಿಯೋ ಅಷ್ಟೊತ್ಗೆ ನೀರು ತಾನಾಗೇ ತಿಳಿಯಾಗ್ತದೆ. ನಿಂದು ಯಾವೂರು?”

ಅವನು ಕೊಡಿಗೇನಹಳ್ಳಿ ಎಂದ. ಅತ್ತೆ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ನಾನು ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡೆ.